ಕೌದಿ ಹೊದ್ದ ಬ್ಯಾಟರಿ

ಮೊನ್ನೆ ಕಲಬುರಗಿಯ ಖೂಬಾ ಪ್ಲಾಟಿನ ನಮ್ಮ ಓಣಿಯಲ್ಲಿ ಯಾರದೋ ಜೀಪಿನ ಬ್ಯಾಟರಿಗೆ ಆ್ಯಸಿಡ್ ಸುರಿಯುತ್ತಿದ್ದರು. ಆ ಹುಳಿ ಘಾಟು ಮೂಗಿಗೆ ಬಡಿದದ್ದೇ ತಡ, ಎಷ್ಟೋ ವರ್ಷದ ಹಿಂದಿನ, ಅತ್ತೆಯ ಊರಾದ ಕಮಲಾಪುರದ ಚಳಿ ಮೈಯೇರಿತು. ಅದರ ಬೆನ್ನಿಗೇ ನನ್ನ ಷಡ್ಡಕ, ನನ್ನ ಹೆಂಡತಿಯ ಅಕ್ಕನ ಗಂಡ, ನೆನಪಾದ. ಹೊಟ್ಟೆಕಿಚ್ಚು ಎಂಬುದನ್ನು ನನಗೆ ಚೆನ್ನಾಗಿ ಕಲಿಸಿದವನು ಅವನೇ.

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆ್ಯಕ್ಷನ್ ಆಗಿ ಕೆಲವು ವರ್ಷ ಕಳೆದಿದ್ದವು. ಉರ್ದುವಿನಲ್ಲಿ ಓದಿ ಕಲಬುರಗಿಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ನಾನು, ನಾಳೆ ಯಾವ ಭಾಷೆಯಲ್ಲಿ ಬರೆ ಅನ್ನುತ್ತಾರೋ ಎಂದು ನಿದ್ದೆಗೆಡುತ್ತಿದ್ದೆ. ಅವನೋ, ತೀರಿಹೋದ ಮಾವನ ಹೊಲ ನೋಡಿಕೊಳ್ಳುತ್ತ, ಊರಿಗೇ ಮೊದಲ ಟ್ರ್ಯಾಕ್ಟರ್ ತಂದು ನಿಲ್ಲಿಸಿದ್ದ. ಅತ್ತೆಯ ಬಾಯಲ್ಲಿ ಮೂರು ಹೊತ್ತೂ ಅವನದೇ ಜಪ. ಒಮ್ಮೆಯಾದರೂ ಆಕೆಯ ಕಣ್ಣೆದುರು ಅವನು ಮುಗ್ಗರಿಸಲಿ ಎಂಬುದೇ ನನ್ನ ಆಸೆ.

ಆ ಚಳಿಗಾಲ ಟ್ರ್ಯಾಕ್ಟರಿನ ಬ್ಯಾಟರಿ ಸೋತಿತು. ಬೆಳಿಗ್ಗೆ ಒಮ್ಮೆ ಗೊಣಗಿ ಸುಮ್ಮನಾಗುತ್ತಿತ್ತು. ಸಂಜೆ ಷಡ್ಡಕ ಅದನ್ನು ಬಿಚ್ಚಿ ತಂದು ಪಡಸಾಲೆಯ ಬೆಚ್ಚನೆಯ ಮೂಲೆಯಲ್ಲಿ ಇಡುತ್ತಿದ್ದ. ನಾನು ಹೋದ ದಿನ ಅತ್ತೆ ನನ್ನ ಹಾಸಿಗೆಯಿಂದ ದಪ್ಪ ಕೌದಿ ಎಳೆದು ಅದಕ್ಕೆ ಹೊದಿಸಿದರು.

"ನೀವು ಹರೇದವ್ರು, ತಡ್ಕೋತೀರಿ. ಅದಕ್ಕ ಬ್ಯಾನಿ ಬಂದದ."

ಷಡ್ಡಕ ನಕ್ಕ. "ನಾಳಿ ಕಲಬುರ್ಗಿಗಿ ಹೋಗಿ ಹೊಸಾದು ತರೋಣು ತಮ್ಮಾ. ನಿಮ್ಮ ಕೌದಿ ನಿಮಗ ವಾಪಸ್."

ತಂದೆವು. ಬರುವಾಗ ಬ್ಯಾಟರಿ ನನ್ನ ತೊಡೆಯ ಮೇಲೆ. ಬಸ್ಸು ಕುಣಿಗೆ ಬಿದ್ದಾಗಲೆಲ್ಲ ನನ್ನ ವಂಶವೇ ಸುಟ್ಟುಹೋದೀತೆಂದು ಹೆದರಿದೆ. ಅವನು ಆರಾಮಾಗಿ ತೂಕಡಿಸುತ್ತಿದ್ದ...

ಮರುದಿನ ಬೆಳಿಗ್ಗೆ ಓಣಿಯವರೆಲ್ಲ ಕೂಡಿದರು. ಜೋಡಿಸುವ ಮೊದಲು ಅತ್ತೆ ಪೂಜೆ ಮಾಡಿದರು. ವೈರು ಕೂಡುವ ಆ ಎರಡು ಸೀಸದ ಗುಬಟುಗಳಿಗೇ ವಿಭೂತಿ ಬಳಿದರು, ಭಕ್ತಿ ಹೆಚ್ಚಾಗಿ ದಪ್ಪಗೆ. ಷಡ್ಡಕ ಆಗ ತಿರುಪು ಬಿಗಿಯುವ ಪಾನಾ ಹುಡುಕುತ್ತ ಒಳಗಿದ್ದ. ಬಂದವನು ವೈರು ಕೂಡಿಸಿ ಗುಂಡಿ ಒತ್ತಿದ. ಸದ್ದೇ ಇಲ್ಲ.

"ಮೊದಲ ಯಾರು ಮುಟ್ಟಿದ್ರವ್ವಾ? ಕೈಗುಣ ಬೇಕು ನೋಡು," ಎಂದಳು ಪಕ್ಕದ ಮನೆಯ ಮುದುಕಿ.

ಅತ್ತೆಯ ಮುಖ ಸಣ್ಣದಾಯಿತು. ಮಾವ ಹೋದ ಮೇಲೆ ಆಕೆಯ ಕೈಗೆ ಇಂಥ ಮಾತು ಹೊಸದಲ್ಲ.

ಅವನು ವೈರು ಬಿಚ್ಚಿದ. ಬಗ್ಗಿ ನೋಡುತ್ತಿದ್ದ ನಮ್ಮಿಬ್ಬರಿಗೂ ಒಟ್ಟಿಗೇ ಕಂಡಿತು, ನಡುವೆ ಗಟ್ಟಿಯಾಗಿ ಕೂತ ವಿಭೂತಿ. ಕರೆಂಟು ದಾಟುವುದೆಲ್ಲಿಂದ? ಹೊಸ ಅಳಿಯನ ಜಾಣತನ ತೋರಿಸಲು ನಾನು ಬಾಯಿ ತೆರೆದೆ. ಅವನು ಒಮ್ಮೆ ನನ್ನ ಕಡೆ ನೋಡಿ, ಧೋತರದ ಚುಂಗಿನಿಂದ ಒರೆಸಿಬಿಟ್ಟ.

"ನಂದೇ ತಪ್ಪು ರೀ ಅತ್ತಿ. ತಿರುಪು ಬಿಗಿ ಮಾಡಿರ್ಲಿಲ್ಲ."

ವೈರು ಬಿಗಿದು ಗುಂಡಿ ಒತ್ತಿದೊಡನೆ ಟ್ರ್ಯಾಕ್ಟರ್ ಗರ್ಜಿಸಿತು. ನಾನು ಬಯಸಿದಂತೆ ಅವನು ಮುಗ್ಗರಿಸಿದ್ದ, ಎಲ್ಲರೆದುರು, ಬೇಕೆಂದೇ. ಅವತ್ತಿನಷ್ಟು ಹೊಟ್ಟೆ ಮತ್ತೆಂದೂ ಉರಿಯಲಿಲ್ಲ.

ಹೋದ ವರ್ಷ ಅವನು ತೀರಿಕೊಂಡ. ನಾವಿಬ್ಬರೂ ಆ ವಿಭೂತಿಯ ಮಾತನ್ನು ಎಂದೂ ಎತ್ತಲಿಲ್ಲ... ಮನೆಗೆ ಬಂದವರಿಗೆ ಅತ್ತೆ ಇಂದಿಗೂ ಹೇಳುತ್ತಾರೆ: "ಎಷ್ಟು ಶಾಣ್ಯಾ ಇದ್ರೂ ಅವತ್ತ ತಿರುಪು ಸಡಲ ಬಿಟ್ಟಿದ್ರು ನೋಡ್ರಿ." ಹೇಳುತ್ತ ನಗುತ್ತಾರೆ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ನನ್ನ ಬಗ್ಗೆ ಹೇಳಲು ಆಕೆಗೆ ಒಂದು ತಪ್ಪೂ ಇಲ್ಲ.

"ಹೌದ್ರಿ ಅತ್ತಿ," ಅನ್ನುತ್ತೇನೆ, "ಸಡಲ ಇತ್ತು. ನಾನೂ ನೋಡೀನಿ."