ಗಾಳಿಯನ್ನು ಕುಟ್ಟಿ ನೋಡುತ್ತಿದ್ದ ಮೌಶಿ

ಕೆಳಮನೆಯ ಮೌಶಿಯ ಬಲಗೈ ತೋರುಬೆರಳಿನ ಗೆಣ್ಣು ಜಡ್ಡುಗಟ್ಟಿ ಹುಣಸೆ ಬೀಜದ ಹಾಗೆ ಎದ್ದು ಕಾಣುತ್ತಿತ್ತು. ಅವರು ಯಾವುದನ್ನೂ ಕುಟ್ಟಿ ನೋಡದೆ ನಂಬಿದವರಲ್ಲ. ಕಲ್ಲಂಗಡಿ ಕುಟ್ಟುವುದು ಸರಿ, ಹೈದರಾಬಾದಿನ ನಮ್ಮ ನಾರಾಯಣಗೂಡದಲ್ಲಿ ಎಲ್ಲರೂ ಕುಟ್ಟುತ್ತಾರೆ. ಮೌಶಿ ಆಟೋದ ಮೀಟರಿಗೆ, ಲಿಫ್ಟಿನ ಗುಂಡಿಗೆ, ನಮ್ಮ ಗೋಡೆ ಗಡಿಯಾರಕ್ಕೆ ಕೂಡ ಎರಡೆರಡು ಏಟು ಹಾಕಿಯೇ ಮುಂದಿನ ಮಾತು ಆಡುತ್ತಿದ್ದರು. ಈ ಚಟ ಅಂಟಿದ್ದು ಅವರು ಕೆಲಸ ಮಾಡುತ್ತಿದ್ದ ಆಸ್ಪತ್ರೆಯ, ಗಾಳಿಯ ಒತ್ತಡ ಅಳೆಯುವ ಹಳೆಯ ಹಿತ್ತಾಳೆ ಬ್ಯಾರೋಮೀಟರಿನಿಂದ. ಅದರ ಮುಳ್ಳು ಎಲ್ಲಾದರೂ ಸಿಕ್ಕಿಕೊಂಡಿದ್ದರೆ ಬಿಡಿಸಿಕೊಳ್ಳಲಿ ಎಂದು, ಓದುವ ಮುಂಚೆ ಗಾಜಿನ ಮೇಲೆ ಮೆಲ್ಲಗೆ ಕುಟ್ಟಬೇಕಂತೆ.

ಅವರದು ರಾಯಚೂರು ಕಡೆಯ ಮನೆತನ, ಹೈದರಾಬಾದಿನಲ್ಲಿ ಮೂರನೆಯ ತಲೆಮಾರು. ಕ್ಯಾನ್ಸರ್ ಆಸ್ಪತ್ರೆಯೊಂದರಲ್ಲಿ ಮೌಶಿ ಭೌತವಿಜ್ಞಾನಿಯಾಗಿದ್ದರು. ರೋಗಿಗೆ ಎಷ್ಟು ವಿಕಿರಣ ಬೇಕೆಂದು ಡಾಕ್ಟರು ಹೇಳುತ್ತಾರೆ. ಯಂತ್ರ ಅಷ್ಟನ್ನೇ ಕೊಡುತ್ತದೆಯೇ ಎಂದು ಅಳೆಯುವುದು ಮೌಶಿಯ ಕೆಲಸ. ಯಂತ್ರದೊಳಗಿನ, ವಿಕಿರಣ ಸೂಸುವ ಕೋಬಾಲ್ಟ್ ಲೋಹ ಅಣು ರಿಯಾಕ್ಟರಿನಲ್ಲಿ ತಯಾರಾದದ್ದು ಎಂದು ಯಾರೋ ಹೇಳಿದ್ದೇ ತಡ, ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳು ಅವರಿಗೆ ‘ಬಾಂಬ್ ಆಂಟಿ’ ಎಂದು ಹೆಸರಿಟ್ಟರು. ಮೌಶಿಗೆ ಬೇಜಾರಿಲ್ಲ. “ಬಾಂಬು, ನಾವು ಒಂದ ಮನೆತನ, ಖರೇ. ಆದ್ರ ಪಾಲಾಗಿ ಭಾಳ ದಿನ ಆತು, ಈಗ ಒಲಿ ಬ್ಯಾರೆ,” ಎನ್ನುತ್ತಿದ್ದರು.

ಅವರ ಕೆಲಸದಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು ಪದ್ಧತಿ. ದೇಶದೇಶಗಳ ಆಸ್ಪತ್ರೆಗಳ ಅಳತೆಯನ್ನು ಪರೀಕ್ಷಿಸುವ ವಿಯೆನ್ನಾದ ಪ್ರಯೋಗಾಲಯದಿಂದ ಆಗಾಗ ಒಂದು ಪುಟ್ಟ ಪೊಟ್ಟಣ ಬರುತ್ತಿತ್ತು. ಒಳಗೆ ಬಿಳಿ ಪುಡಿ ತುಂಬಿದ, ಗುಳಿಗೆಯಷ್ಟು ಸಣ್ಣ ಕೊಳವೆಗಳು. ಅವನ್ನು ನೀರಿನ ತೊಟ್ಟಿಯಲ್ಲಿಟ್ಟು, ರೋಗಿಗೆ ಕೊಟ್ಟ ಹಾಗೆಯೇ ವಿಕಿರಣ ಕೊಟ್ಟು, “ನಾವು ಇಷ್ಟು ಕೊಟ್ಟಿದ್ದೇವೆ” ಎಂದು ಬರೆದು ಮರಳಿ ಕಳಿಸಬೇಕು. ಪುಡಿ ಎಷ್ಟು ಹೀರಿದೆ ಎಂದು ಅಲ್ಲಿಯವರು ತಾವೇ ಅಳೆದು ನೋಡುತ್ತಾರೆ. ಗಡಿಯಲ್ಲಿ ಬಂದೂಕು ಹಿಡಿದು ನಿಂತ ದೇಶಗಳ ಕೊಳವೆಗಳೂ ಅಲ್ಲಿ ಒಂದೇ ತಟ್ಟೆಯಲ್ಲಿ ಕೂಡುತ್ತವಂತೆ, ಪಂಕ್ತಿಭೇದವಿಲ್ಲ. ನಿಮ್ಮಷ್ಟು ಓದಿದವರಿಗೂ ಪರೀಕ್ಷೆ ಯಾಕೆ ಎಂದು ನಾನೊಮ್ಮೆ ಕೇಳಿದ್ದೆ. “ತನ್ನ ಬೆನ್ನು ತನಗ ಕಾಣಂಗಿಲ್ಲ ಮಗಳ. ಮಂದಿ ನೋಡಿ ಹೇಳಬೇಕು,” ಎಂದರು. ಪೊಟ್ಟಣ ಕಳಿಸಲು ಅವರು ಯಾರನ್ನೂ ನಂಬದೆ ತಾವೇ ಅಬಿಡ್ಸ್ ಪೋಸ್ಟಾಫೀಸಿಗೆ ಹೋಗುತ್ತಿದ್ದರು. ಜೊತೆಗೆ ಹೋದ ನನಗೆ ಹಿಂದಿರುಗುವಾಗ ಇರಾನಿ ಚಹಾ ಸಿಗುತ್ತಿತ್ತು.

ಆಮೇಲೆ ಅವ್ವನ ಎದೆಯಲ್ಲಿ ಗಂಟು ಕಾಣಿಸಿತು. ಆಪರೇಷನ್ ಆಯಿತು, ಇನ್ನು ‘ಕರೆಂಟು’ ಕೊಡಬೇಕೆಂದರು. ನಮ್ಮ ಕಡೆಯವರು ವಿಕಿರಣ ಚಿಕಿತ್ಸೆಗೆ ಹೇಳುವುದೇ ಹಾಗೆ. ಅವ್ವನಿಗೆ ಕರೆಂಟೆಂದರೆ ಜೀವಭಯ. ಒದ್ದೆ ಕೈಯಲ್ಲಿ ಸ್ವಿಚ್ಚು ಮುಟ್ಟಿದವಳಲ್ಲ. ಹೊಸ ಮಾದರಿಯ ಯಂತ್ರವಿರುವ ಬೇರೆ ಆಸ್ಪತ್ರೆಗೆ ಹೋಗೋಣವೆಂದು ನಾನು ಅಂದರೆ ಅವ್ವ ಒಪ್ಪಲಿಲ್ಲ. ಮೌಶಿ ಇರುವಲ್ಲಿಗೇ ಹೋಗುವುದೆಂದು ಹಟ ಹಿಡಿದಳು. ಆ ಹೊತ್ತಿಗೆ ಯಂತ್ರಕ್ಕೆ ಹೊಸ ಕೋಬಾಲ್ಟ್ ತುಂಬಿದ್ದರು. ಅದಕ್ಕಾಗಿ ಯಂತ್ರ ನಿಂತಿದ್ದ ದಿನಗಳಲ್ಲಿ ರೋಗಿಗಳು ಸಾಲುಗಟ್ಟಿದ್ದರಿಂದ ಮೌಶಿ ಊಟ ತಿಂಡಿ ಬಿಟ್ಟು ಅಳತೆ ಮುಗಿಸಿ, ರೂಢಿಯಂತೆ ಕೊಳವೆಗಳನ್ನೂ ವಿಯೆನ್ನಾಕ್ಕೆ ಕಳಿಸಿದ್ದರು. ಅವ್ವ ದಿನಾ ಆ ಯಂತ್ರದ ಕೆಳಗೆ ಕಣ್ಣು ಮುಚ್ಚಿ ಮಲಗಿ ಬರುತ್ತಿದ್ದಳು.

ಅವ್ವನ ಚಿಕಿತ್ಸೆ ಅರ್ಧಕ್ಕೆ ಬಂದಾಗ ವಿಯೆನ್ನಾದಿಂದ ಸುದ್ದಿ ಬಂತು: ನಿಮ್ಮ ಲೆಕ್ಕಕ್ಕೂ ನಮ್ಮ ಲೆಕ್ಕಕ್ಕೂ ತಾಳೆ ಬರುತ್ತಿಲ್ಲ, ಇನ್ನೊಮ್ಮೆ ಕೊಳವೆ ಕಳಿಸುತ್ತೇವೆ. ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ಎಂದು ಅವರು ಹೇಳುವುದಿಲ್ಲ. ಹೇಳಿದರೆ ಉತ್ತರ ನೋಡಿಕೊಂಡು ಲೆಕ್ಕ ತಿದ್ದಿದ ಹಾಗಾಗುತ್ತದೆಂದು ಆ ನಿಯಮ. ಮೌಶಿ ಯಂತ್ರ ನಿಲ್ಲಿಸಿ ಎಲ್ಲವನ್ನೂ ಮತ್ತೆ ಅಳೆದರು, ತಪ್ಪು ಸಿಗಲಿಲ್ಲ. ಮೌಶಿ ಮನೆಗೆ ಬಂದು ನಮ್ಮ ಬಾಲ್ಕನಿಯಲ್ಲಿ ಕೂತರೆ ಚಹಾ ಆರಿ ಹೋಗುತ್ತಿತ್ತು. ಚಿಕಿತ್ಸೆ ಯಾಕೆ ನಿಂತಿದೆ ಎಂದು ಕೇಳಿದಾಗ ಅವರು ಮುಚ್ಚಿಡಲಿಲ್ಲ. ಏನೋ ಹೊಂದುತ್ತಿಲ್ಲ, ಏನೆಂದು ಗೊತ್ತಿಲ್ಲ ಎಂದರು. ಕಡಿಮೆ ಬಿದ್ದಿದ್ದರೆ ರೋಗ ಉಳಿಯುತ್ತದೆ, ಹೆಚ್ಚು ಬಿದ್ದಿದ್ದರೆ ಒಳಗೆಲ್ಲೋ ಸುಡುತ್ತದೆ.

ಕೊನೆಗೆ ಮೌಶಿ ನನ್ನೆದುರಿಗೇ ಇಥಿಯೋಪಿಯಾದ ಆದಿಸ್ ಅಬಾಬದಲ್ಲಿದ್ದ ಗೆಳೆಯನಿಗೆ ವಿಡಿಯೋ ಕರೆ ಮಾಡಿದರು. ವಯಸ್ಸಿದ್ದಾಗ ಇಬ್ಬರೂ ವಿಯೆನ್ನಾದ ಒಂದೇ ತರಬೇತಿಯಲ್ಲಿ ಕಲಿತವರು. ಅವರೂ ತಮ್ಮೂರಿನ ಆಸ್ಪತ್ರೆಯೊಂದರಲ್ಲಿ ಭೌತವಿಜ್ಞಾನಿ. ಮೌಶಿ ಮೊದಲಿನಿಂದ ಕೊನೆಯವರೆಗೂ ಹೇಳುತ್ತಾ ಹೋದರು, ಆತ ಸುಮ್ಮನೆ ಕೇಳುತ್ತಾ ಇದ್ದರು. ಮುಗಿದ ಮೇಲೆ ಇಂಗ್ಲಿಷಿನಲ್ಲಿ ಒಂದೇ ಒಂದು ಪ್ರಶ್ನೆ ಕೇಳಿದರು: ಅವತ್ತು ಗಾಳಿಯ ಒತ್ತಡದ ಅಂಕಿಯನ್ನು ಎಲ್ಲಿಂದ ತೆಗೆದುಕೊಂಡೆ?

ಮೌಶಿಯ ಕೈ ಮೇಜಿನ ಮೇಲೆ ಕುಟ್ಟಲು ಎತ್ತಿದ್ದು ಹಾಗೇ ನಿಂತಿತು.

ವಿಕಿರಣ ಅಳೆಯುವ ಬೆರಳುಗಾತ್ರದ ಸಾಧನದೊಳಗೆ ಇರುವುದು ಬರೀ ಗಾಳಿ. ಗಾಳಿ ತೆಳುವಾದಷ್ಟೂ ಅದು ಕಡಿಮೆ ತೋರಿಸುತ್ತದೆ. ಊರಿನ ಒತ್ತಡ ನೋಡಿ ಸರಿಪಡಿಸಿಕೊಳ್ಳಬೇಕು. ಅಳತೆಯ ವಾರ ರಿಪೇರಿಗೆ ಹೋಗಿದ್ದ ಬ್ಯಾರೋಮೀಟರು ಇನ್ನೂ ಮರಳಿರಲಿಲ್ಲ. ಅವಸರದಲ್ಲಿ ಮೌಶಿ ಫೋನಿನ ಹವಾಮಾನದ ಅಂಕಿ ತೆಗೆದುಕೊಂಡಿದ್ದರು, ಮತ್ತೆ ಅಳೆದಾಗಲೂ ಅಲ್ಲಿಂದಲೇ. ಆ ಅಂಕಿ ಎಲ್ಲ ಊರುಗಳನ್ನೂ ಸಮುದ್ರದ ಮಟ್ಟಕ್ಕೆ ಇಳಿಸಿ ಕೊಟ್ಟದ್ದು. ನಮ್ಮ ಹೈದರಾಬಾದು ಇರುವುದು ದಖ್ಖನಿನ ಬಂಡೆಯ ಮೇಲೆ, ಇಲ್ಲಿಯ ಗಾಳಿ ತೆಳು, ಸಾಧನ ಕಡಿಮೆ ತೋರಿಸಿದ್ದು ಫೋನಿನ ಅಂಕಿಯಿಂದ ಸರಿಹೋಗಿರಲಿಲ್ಲ. ಹಾಗಾಗಿ ಹೊಸ ಕೋಬಾಲ್ಟು ಇರುವುದಕ್ಕಿಂತ ಸಪ್ಪೆ ಎಂದು ಲೆಕ್ಕ ಬಂದಿತ್ತು, ಯಂತ್ರವನ್ನು ಅಷ್ಟು ಹೆಚ್ಚು ಹೊತ್ತು ಹಾಕುತ್ತಿದ್ದರು. ರೋಗಿಗಳಿಗೆ ನೂರಕ್ಕೆ ಆರು ಪಾಲು ಹೆಚ್ಚು ಬಿದ್ದಿತ್ತು. ಬೇರೆಯವರಿಗೆ ಇದೇ ಪಾಠ ಹೇಳಿಕೊಡುತ್ತಿದ್ದವರು ಮೌಶಿ. ಆದಿಸ್ ಅಬಾಬ ಇನ್ನೂ ಎತ್ತರದ ಊರು. ಈ ಹಳ್ಳಕ್ಕೆ ತಾನೂ ಎಂದೋ ಬಿದ್ದದ್ದುಂಟು ಎಂದರು ಗೆಳೆಯ.

ಮರುದಿನ ಮೌಶಿ ಬಾಗಿಲು ತಟ್ಟದೆ ಒಳಗೆ ಬಂದರು, ಅದೇ ಮೊದಲು. ಇಷ್ಟು ಸಣ್ಣ ವ್ಯತ್ಯಾಸವನ್ನು ರೋಗಿಗಳಿಗೆ ಹೇಳಿ ಹೆದರಿಸುವುದು ಬೇಡ, ಸುಮ್ಮನೆ ತಿದ್ದಿಕೊಂಡರಾಯಿತೆಂದು ಆಸ್ಪತ್ರೆಯ ಮೇಲಿನವರು ಹೇಳಿದ್ದರಂತೆ. ಮೌಶಿ ಕುರ್ಚಿಯಲ್ಲಿ ಕೂರದೆ ಅವ್ವನ ಮಂಚದ ಪಕ್ಕ ನೆಲದ ಮೇಲೆ ಕೂತರು.

“ಹೆಚ್ಚು ಬಿದ್ದೈತ್ರಿ ವೈನಿ. ಮಷೀನಿನ ತಪ್ಪಲ್ಲ, ನಂದ. ಉಳಿದ ಸರತಿ ಕಡಿಮಿ ಮಾಡಿ ಒಟ್ಟು ಸರಿ ಹೊಂದಸಬಹುದು. ನನ್ನ ಕೈಯಾಗ ಬ್ಯಾಡ ಅನಸಿದ್ರ ಬ್ಯಾರೆ ಕಡೆ ನಾನ ಮಾತಾಡಿ ಕೊಡ್ತೀನಿ.”

ನನಗೆ ಸಿಟ್ಟು ನೆತ್ತಿಗೇರಿತು. ಬೇರೆ ಕಡೆಯೇ ಹೋಗುತ್ತೇವೆ ಎಂದು ನಾಲಿಗೆಯ ತುದಿಗೆ ಬಂದಿತ್ತು. ಅವ್ವ ಮೌಶಿಯ ಆ ಜಡ್ಡುಗಟ್ಟಿದ ಬೆರಳನ್ನು ಹಿಡಿದುಕೊಂಡಳು.

“ಬ್ಯಾರೆ ಕಡೆ ತಪ್ಪಾದ್ರ ಯಾರು ಬಂದು ಹೇಳ್ತಾರ?” ಎಂದಳು. “ನೀವ ಮಾಡ್ರಿ.”

ಮೌಶಿ ಅತ್ತದ್ದನ್ನು ನಾನು ಕಂಡದ್ದು ಅವತ್ತೊಂದೇ ಸಲ. ಸೆರಗಿನಲ್ಲಿ ಮೂಗು ಒರೆಸಿಕೊಂಡು ಎದ್ದು, ಉಳಿದವರ ಮನೆಗಳಿಗೆ ಹೊರಟರು. ಚಿಕಿತ್ಸೆ ಪೂರ್ತಿ ಮುಗಿದುಹೋಗಿದ್ದವರೂ ಇದ್ದರು, ಅವರಿಗೆ ತಿದ್ದಿ ಕೊಡಲು ಏನೂ ಉಳಿದಿರಲಿಲ್ಲ. ಹಿಮಾಯತ್‌ನಗರದ ಒಂದು ಮನೆಯವರು ಮುಖಕ್ಕೇ ಬಾಗಿಲು ಹಾಕಿದರು. ಮೌಶಿ ಮಾರನೆಯ ದಿನ ಮತ್ತೆ ಹೋದರು. ಆಮೇಲೆ ಚಿಕಿತ್ಸೆ ಪಡೆದಿದ್ದ ಆ ಮನೆಯ ಹೆಂಗಸನ್ನು ತಪಾಸಣೆಗೆ ಕರೆದುಕೊಂಡು ಹೋಗಿ ಬರುವುದು ತಮ್ಮದೇ ಕೆಲಸವೆಂಬಂತೆ ಮಾಡಿದರು. ಆಕೆಗೆ ಚರ್ಮ ಸ್ವಲ್ಪ ಕಪ್ಪಾದದ್ದು ಬಿಟ್ಟರೆ ತೊಂದರೆಯಾಗಲಿಲ್ಲ. ಅವ್ವನ ಚಿಕಿತ್ಸೆಯೂ ನೆಟ್ಟಗೆ ಮುಗಿಯಿತು. ನಿವೃತ್ತಿಯ ನಂತರವೂ ಇಟ್ಟುಕೊಳ್ಳುತ್ತೇವೆ ಎಂದಿದ್ದ ಆಸ್ಪತ್ರೆ ಆ ಮಾತನ್ನು ಮತ್ತೆ ಎತ್ತಲಿಲ್ಲ. ಮೌಶಿಯೂ ಕೇಳಲಿಲ್ಲ. ಆಸ್ಪತ್ರೆಗೆ ಡಿಜಿಟಲ್ ಉಪಕರಣ ಬಂದಿತ್ತು. ಮೌಶಿ ಹಳೆಯ ಬ್ಯಾರೋಮೀಟರನ್ನು ಬೇಡಿ ತಂದು ತಮ್ಮ ಮನೆಯ ಹಜಾರದಲ್ಲಿ ತೂಗುಹಾಕಿದರು. ವಿಯೆನ್ನಾದ ಎರಡನೆಯ ಕೊಳವೆಗಳು ಸರಿಯಾಗಿ ತಾಳೆಯಾದವು.

ಅಂದಿನಿಂದ ಗೆಳೆಯರಿಬ್ಬರಿಗೂ ಒಂದು ರೂಢಿ ಬಿತ್ತು. ಪ್ರತಿ ಭಾನುವಾರ ಆದಿಸ್ ಅಬಾಬದಿಂದ ಕರೆ ಬರುತ್ತಿತ್ತು. ಮೌಶಿ ಗಾಜು ಕುಟ್ಟಿ ಹೈದರಾಬಾದಿನ ಗಾಳಿಯ ಅಂಕಿ ಹೇಳುವುದು, ಅವರು ತಮ್ಮೂರಿನದು ಹೇಳುವುದು. ಆಮೇಲೆ ಆತನ ಮೊಮ್ಮಕ್ಕಳು, ಮಂಡಿನೋವು, ಕಾಫಿ. ಅವರ ಕಾಫಿಯೇ ಮೂಲದ್ದೆಂದು ಆತ, ಡಿಕಾಕ್ಷನ್ ಇಲ್ಲದ್ದು ಕಾಫಿಯೇ ಅಲ್ಲವೆಂದು ಮೌಶಿ. ಎಷ್ಟೋ ಸಲ ಅವ್ವ ಪಕ್ಕದಲ್ಲಿ ಕೂತು ಇದನ್ನೆಲ್ಲ ಸಿನಿಮಾದ ಹಾಗೆ ನೋಡುತ್ತಿದ್ದಳು.

ಕಳೆದ ವರ್ಷ ಯುಗಾದಿಗೆ ಮುಂಚೆ ಮೌಶಿ ಹೃದಯ ನಿಂತು ಹೋದರು, ಮಧ್ಯಾಹ್ನದ ನಿದ್ದೆಯಲ್ಲಿ. ಮದುವೆ ಮಕ್ಕಳೆಂದು ಕಟ್ಟಿಕೊಂಡವರಲ್ಲ. ಅಣ್ಣನ ಮಗ ಬಂದು ಮನೆ ಖಾಲಿ ಮಾಡುವಾಗ ಅವ್ವ ಬಾಯಿಬಿಟ್ಟು ಕೇಳಿ ಬ್ಯಾರೋಮೀಟರನ್ನೂ ಆ ಫೋನನ್ನೂ ಇಸಿದುಕೊಂಡಳು. ಗೆಳೆಯನಿಗೆ ಸುದ್ದಿಯನ್ನು ನಾನೇ ತಿಳಿಸಿದ್ದೆ. ಇನ್ನು ಅವರು ಕರೆ ಮಾಡಲಾರರು ಎಂದುಕೊಂಡಿದ್ದೆ.

ಭಾನುವಾರ ಫೋನು ಹೊಡೆದುಕೊಂಡಿತು. ನಾನು ಎತ್ತಿದೆ. ಅಭ್ಯಾಸಬಲದಿಂದ ಕೈ ಹೋಯಿತು, ಕ್ಷಮಿಸಿ ಎಂದು ಆತ ಇಡಲು ಹೊರಟರು. ಅವ್ವ ತಡಿ ಎಂದು ಕೈ ಮಾಡಿದಳು. ಎದ್ದು ನಮ್ಮ ಗೋಡೆಗೆ ಬಂದಿದ್ದ ಬ್ಯಾರೋಮೀಟರಿನ ಬಳಿ ಹೋಗಿ, ಬೆರಳಿನ ಗೆಣ್ಣಿನಿಂದ ಗಾಜನ್ನು ಎರಡು ಸಲ ಕುಟ್ಟಿದಳು, ಕನ್ನಡಕ ಸರಿಮಾಡಿಕೊಂಡು ಮುಳ್ಳು ನೋಡಿದಳು. ಇಂಗ್ಲಿಷಿನಲ್ಲಿ ಒಂದು ವಾಕ್ಯವನ್ನೂ ಆಡಿದವಳಲ್ಲ. ಫೋನಿನ ಹತ್ತಿರ ಬಾಗಿ, ಒಂದೊಂದೇ ಅಂಕಿ ಬಿಡಿಸಿ, “ನೈನ್. ಫೋರ್. ಎಯ್ಟ್,” ಎಂದಳು.

ಆ ಕಡೆ ಕುರ್ಚಿ ಸರಿದ ಸದ್ದಾಯಿತು. ಆಮೇಲೆ ಆತ, ಅವ್ವನ ಹಾಗೆಯೇ ಒಂದೊಂದಾಗಿ ಬಿಡಿಸಿ, ತಮ್ಮೂರಿನ ಅಂಕಿ ಹೇಳಿದರು.