ನಾಲ್ಕು ಬೆರಳು ಮಾರ್ಜಿನ್

ಸಾರಿಗೆ ಕಚೇರಿಯ ಮೂರನೇ ಕಿಟಕಿಯ ಗುಮಾಸ್ತರಿಗೆ ಡ್ರೈವರುಗಳು ಇಟ್ಟ ಹೆಸರು 'ನಾಳೆ ಬನ್ನಿ ಸಾಹೇಬರು'. ಇಪ್ಪತ್ತಾರು ವರ್ಷ ಅವರ ಬಾಯಿಂದ ಹೆಚ್ಚಾಗಿ ಹೊರಬಿದ್ದದ್ದು ಆ ಮಾತೇ. ಪರ್ಮಿಟ್ಟಿನ ಅರ್ಜಿ ಕೈಗೆ ಬಂದರೆ ಅವರು ಓದುತ್ತಿರಲಿಲ್ಲ. ಎಡಗಡೆಯ ಮಾರ್ಜಿನ್ನಿನ ಮೇಲೆ ತಮ್ಮ ದಪ್ಪ ಬೆರಳು ನಾಲ್ಕನ್ನೂ ಇಟ್ಟು ಅಳೆಯುತ್ತಿದ್ದರು. ಕೂದಲೆಳೆಯಷ್ಟು ಕಡಿಮೆಯಾದರೂ ಕಾಗದ ವಾಪಸ್ಸು. ಅತ್ತ ಟೆಂಪೊದಲ್ಲಿ ಟೊಮೆಟೊ ಕೊಳೆತರೆ ಕೊಳೆಯಲಿ, ಇತ್ತ ಅವರು ಸೀಲನ್ನು ಮಗುವಿನ ಮೂತಿ ಒರೆಸಿದಂತೆ ಒರೆಸಿ ಡ್ರಾಯರಿನಲ್ಲಿ ಮಲಗಿಸುತ್ತಿದ್ದರು. ಹೋದ ತಿಂಗಳು ಸರ್ಕಾರ, ಒಂದೇ ಗಾಡಿ ಇಟ್ಟುಕೊಂಡು ಬದುಕುವವರಿಗೆ ಇನ್ನು ಪರ್ಮಿಟ್ಟೇ ಬೇಡ ಎಂದುಬಿಟ್ಟಿತು. ಕಿಟಕಿಯ ಮುಂದಿನ ಸಾಲು ಕರಗಿತು. ಸಾಹೇಬರು ಮಾತ್ರ ಹತ್ತಕ್ಕೆ ಸರಿಯಾಗಿ ಕಿಟಕಿ ತೆರೆದು, ಒಣಗಿದ ಇಂಕ್ ಪ್ಯಾಡಿಗೆ ನೀರು ಚಿಮುಕಿಸಿ ಕೂರುತ್ತಾರೆ. ಮನೆಯಲ್ಲಿ ಅವರನ್ನು ಯಾರೂ ಏನೂ ಕೇಳುವುದಿಲ್ಲ. ಮಗಳ ಮದುವೆಯ ದಿನವನ್ನೂ ಮನೆಯವರು ತಾವೇ ಗೊತ್ತುಮಾಡಿ ಆಮೇಲೆ ತಿಳಿಸಿದ್ದರು. ನಿನ್ನೆ ಕಿಟಕಿಗೆ ಬಂದವಳು, ಹಿಂದೆ ಪರ್ಮಿಟ್ಟಿಗಾಗಿ ಹನ್ನೊಂದು ಸಲ ಅವರು ಅಲೆದಾಡಿಸಿದ್ದ, ಟೆಂಪೊ ಓಡಿಸುವ ಅಕ್ಕ. ಸಾಹೇಬರು ನೆಟ್ಟಗೆ ಕೂತರು. "ಪರ್ಮಿಟ್ ಬೇಡ ಅನ್ನೋದಕ್ಕೂ ಒಂದು ಅರ್ಜಿ ಕೊಡಬೇಕಮ್ಮ. ಮಾರ್ಜಿನ್ ನಾಲ್ಕು ಬೆರಳು." "ನೀವೇ ಬರ್ಕೊಂಡು ನೀವೇ ಅಳೆದ್ಕೊಳ್ಳಿ ಸಾರ್," ಎಂದು ಅವಳು ನಕ್ಕಳು. "ನನ್ನ ಗಾಡಿ ಇಂಜಿನ್ ಕಾದಿದೆ, ಒಂದಿಷ್ಟು ನೀರಿದ್ರೆ ಕೊಡಿ." ಅವರು ತಮ್ಮ ಕುಡಿಯುವ ನೀರಿನ ಬಾಟಲಿಯನ್ನೇ ಕಂಬಿಗಳ ನಡುವೆ ದಾಟಿಸಿದರು. ಅವಳು ರೇಡಿಯೇಟರಿಗೆ ನೀರು ಸುರಿದು, ಖಾಲಿ ಬಾಟಲಿ ಹಿಡಿದುಕೊಂಡು ಮತ್ತೆ ಬಂದಳು. ಸಾಹೇಬರು ಕೈ ಚಾಚಲಿಲ್ಲ. "ಈಗ ಬೇಡಮ್ಮ," ಎಂದರು ಮೆಲ್ಲಗೆ, "ನಾಳೆ ಬನ್ನಿ."