ಬೇರೆ ಇಡಬೇಕಿದ್ದ ಕಟ್ಟು

ಆ ಎರಡು ಕಟ್ಟು ಕಾರ್ಡುಗಳನ್ನು ಒಂದೇ ಡಬ್ಬಿಯಲ್ಲಿ ಕೂಡಿಸಿದವಳು ನಾನು. ನನ್ನ ಅಣ್ಣ ದಸ್ತಗೀರ ಅಲ್ಲ. ಇಷ್ಟು ವರ್ಷವೂ ಅವನು ತಾನೇ ಕೂಡಿಸಿದೆನೆಂದು ನಂಬಿದ್ದಾನೆ — ಹಾಗೆ ನಂಬಿಸಿದವಳೂ ನಾನೇ. ನಾನು ಓದಿದ್ದು ನಾಲ್ಕನೇ ಇಯತ್ತೆ. ಬರೆದು ರೂಢಿಯಿಲ್ಲ. ಆದರೆ ಬಾಯಿಬಿಟ್ಟು ಹೇಳಲು ಹೋದಾಗಲೆಲ್ಲ ಬೇರೆ ಮಾತು ತೆಗೆದಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ನಾವು ಪಿಂಜಾರರು. ಮನೆಯಲ್ಲೂ ಕನ್ನಡವೇ ನಮ್ಮ ಮಾತು. ಆಗ ಬಿಜಾಪುರ ಅನ್ನುತ್ತಿದ್ದ ಊರಿನಲ್ಲಿ, ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಅಪ್ಪ ಅರಳೆ ಹಿಂಜುತ್ತಿದ್ದ, ನಾನು ಗಾದಿ ಹೊಲಿಯುತ್ತಿದ್ದೆ. ಅಣ್ಣ ಮ್ಯಾಟ್ರಿಕ್ ಪಾಸಾದವನು. ತುರ್ತು ಪರಿಸ್ಥಿತಿ ಮುಗಿದ ಮರುವರ್ಷ ಇರಬೇಕು, ರಕ್ತ ಕೊಡುವವರ ಹೆಸರು ಬರೆದಿಡುವ ಒಂದು ಸಣ್ಣ ಮಂಡಳಿಯ ಕೆಲಸಕ್ಕೆ ಸೇರಿಕೊಂಡ. ನಿವೃತ್ತ ಡ್ರಾಯಿಂಗ್ ಮಾಸ್ತರರೊಬ್ಬರು ಅದರ ಹಿರಿಯರು. ಪುಣೆಯಲ್ಲಿ ಎಲ್ಲೋ ನೋಡಿ ಬಂದು ಅವರು ಒಂದು ಪದ್ಧತಿ ಹಾಕಿಕೊಟ್ಟಿದ್ದರು. ಒಬ್ಬೊಬ್ಬರಿಗೆ ಒಂದು ದಪ್ಪ ಕಾರ್ಡು, ಅದರ ಅಂಚಿಗೆ ಸಾಲು ತೂತು. ರಕ್ತದ ಒಂದೊಂದು ಗುಂಪಿಗೆ ಒಂದೊಂದು ತೂತು, ಹದಿನೆಂಟು ದಾಟಿತ್ತೋ ಎಂಬುದಕ್ಕೆ ಒಂದು, ಕಾಮಾಲೆ ಆಗಿತ್ತೋ ಇಲ್ಲವೋ ಎಂಬುದಕ್ಕೆ ಒಂದು; ಕೊನೆಯ ಸಲ ರಕ್ತ ಕೊಟ್ಟ ತಾರೀಕನ್ನು ಕಾರ್ಡಿನ ಮೇಲೆ ಬರೆದಿರುತ್ತಿದ್ದರು. ಹೌದು ಎಂದಿದ್ದರೆ ಆ ತೂತಿನ ಅಂಚನ್ನು ಕತ್ತರಿಸಿ ಬಾಯಿ ಬಿಡಿಸುತ್ತಿದ್ದರು. ಇಡೀ ಕಟ್ಟಿಗೆ ಸೂಜಿ ಪೋಣಿಸಿ ಎತ್ತಿದರೆ ಬಾಯಿ ಬಿಟ್ಟ ಕಾರ್ಡು ಕೆಳಗೆ ಬೀಳುತ್ತಿದ್ದವು, ಉಳಿದವು ಸೂಜಿಗೆ ತೂಗುತ್ತಿದ್ದವು. ಸೂಜಿ ನನ್ನದೇ, ಗಾದಿ ಹೊಲಿಯುವ ಉದ್ದನೆಯದು. ಡಬ್ಬಿ ನಮ್ಮ ಮನೆಯಲ್ಲೇ ಇರುತ್ತಿತ್ತು, ಅಣ್ಣನಿಗೆ ಆಗದಾಗ ಸೂಜಿ ಹಾಕುವವಳು ನಾನು. ಆಸ್ಪತ್ರೆಯ ಜವಾನರು ಚೀಟಿ ತರುವಾಗ ನಗುತ್ತಿದ್ದರು, ಪಿಂಜಾರ ಡಾಕ್ಟರ್ ಇವತ್ತ ಎಷ್ಟ ಸೂಜಿ ಹಾಕ್ಯಾರ ಅಂತ.

ಚೀಟಿಯಲ್ಲಿ ಯಾವಾಗಲೂ ನಾಲ್ಕು ಮಾತು ಇರುತ್ತಿದ್ದವು. ಇಂಥ ಗುಂಪು, ಹದಿನೆಂಟು ದಾಟಿದವರು, ಕಾಮಾಲೆ ಆಗದವರು, ರಕ್ತ ಕೊಟ್ಟು ಮೂರು ತಿಂಗಳು ಕಳೆದವರು. ಅಣ್ಣ ಇದನ್ನು ಹಗುರ ಮಾಡಿದ. ನಮ್ಮ ಡಬ್ಬಿಯಲ್ಲಿ ಹದಿನೆಂಟರ ಒಳಗಿನವರೇ ಇಲ್ಲ, ಆ ಸೂಜಿ ಬೇಡ. ಕಾಮಾಲೆ ಆದವರನ್ನು ಸೇರಿಸಿಯೇ ಇಲ್ಲ, ಆ ಸೂಜಿಯೂ ಬೇಡ. ಮೂರು ತಿಂಗಳ ಲೆಕ್ಕವನ್ನು ಪ್ರತಿ ಕಾರ್ಡಿಗೂ ಯಾಕೆ ಮಾಡಬೇಕು? ಬೆಳಿಗ್ಗೆ ಒಮ್ಮೆ ಹಿಂದಕ್ಕೆ ಎಣಿಸಿ ಸ್ಲೇಟಿನ ಮೇಲೆ ಒಂದು ತಾರೀಕು ಬರೆದಿಟ್ಟರೆ ದಿನವಿಡೀ ಅದನ್ನೇ ನೋಡಿದರಾಯಿತು. ನಾಲ್ಕು ಮಾತಿನ ಚೀಟಿ ಒಂದು ಸೂಜಿ, ಒಂದು ನೋಟಕ್ಕೆ ಇಳಿಯಿತು. ತಾಸಿನ ಕೆಲಸ ಐದು ಮಿನಿಟಿನದಾಯಿತು.

“ಉತ್ತರ ಗೊತ್ತಿದ್ದ ಪ್ರಶ್ನಿ ಮತ್ತ ಮತ್ತ ಕೇಳಬಾರದು, ಹಸೀನಾ,” ಅನ್ನುತ್ತಿದ್ದ. ಆಮೇಲೆ ಬೆರಳೆತ್ತಿ, “ಆದ್ರ ಡಬ್ಬಿ ಬದಲಾದ ದಿನ ಉತ್ತರನೂ ಬದಲಾಕ್ಕೈತಿ. ಅದನ್ನ ಮರೀಬ್ಯಾಡ.”

ನಾನು ಮರೆಯಲಿಲ್ಲ. ಅದೇ ನನ್ನ ತಪ್ಪಿನ ಮೂಲ — ಗೊತ್ತಿತ್ತು.

ತಿಕೋಟಾ, ಬಬಲೇಶ್ವರದ ಕಡೆ ಮಂಡಳಿಯವರು ಶಿಬಿರ ಮಾಡಿದರು. ಅಲ್ಲಿಯ ಹುಡುಗರು ಉತ್ಸಾಹದಿಂದ ಬಂದವರ ಹೆಸರನ್ನೆಲ್ಲ ಬರೆದುಕೊಂಡಿದ್ದರು, ಕಾಮಾಲೆ ಆದವರದ್ದೂ. ತೂತು ಮಾತ್ರ ಸರಿಯಾಗಿ ಕತ್ತರಿಸಿದ್ದರು. ಅಣ್ಣ ಆ ಕಟ್ಟು ತಂದವನು ಜ್ವರದಲ್ಲಿ ಸುಡುತ್ತಿದ್ದ. “ಇದನ್ನ ಬ್ಯಾರೇ ಇಡು. ನಾ ಕಾಮಾಲಿ ಆದವರನ್ನ ತಗದ ಮ್ಯಾಲೆ ಕೂಡಸೂಣು,” ಎಂದು ಹೇಳಿ ಮಲಗಿದ.

ಎರಡು ದಿನ, ಚೀಟಿ ಬಂದಾಗಲೆಲ್ಲ, ನಾನು ಎರಡು ಕಟ್ಟಿಗೂ ಬೇರೆಬೇರೆಯಾಗಿ ಸೂಜಿ ಹಾಕಿದೆ, ಹೊಸದಕ್ಕೆ ಕಾಮಾಲೆಯ ಸೂಜಿಯನ್ನೂ. ಮೂರನೆಯ ದಿನ ಬೇಸರ ಬಂತು. ಗಾದಿ ಹೊಲಿಗೆ ಬಾಕಿ ಇತ್ತು. ಕೂಡಿಸಿಬಿಟ್ಟೆ — ಸುಮ್ಮನೆ, ಇಸ್ಪೀಟು ಕಲಸಿದ ಹಾಗೆ. ಕಾಮಾಲೆಯವರನ್ನು ನಾಳೆ ತೆಗೆದರಾಯಿತು ಅಂದುಕೊಂಡೆ.

ಮರುದಿನವೇ ಆಸ್ಪತ್ರೆಯಿಂದ ಚೀಟಿ ಬಂತು. ಅರಕೇರಿಯ ಶಾಂತವ್ವ, ಹೆರಿಗೆಯಲ್ಲಿ ರಕ್ತ ಬಹಳ ಹೋಗಿದೆ, ಅಪರೂಪದ ಗುಂಪು, ಬೇಗ ಬೇಕು. ಅಣ್ಣ ಹೊದ್ದುಕೊಂಡೇ ಎದ್ದು ಬಂದ. ಸ್ಲೇಟು ನೋಡಿದ, ಗುಂಪಿನ ತೂತಿಗೆ ಸೂಜಿ ಪೋಣಿಸಿ ಎತ್ತಿದ. ಎರಡು ಕಾರ್ಡು ಬಿದ್ದವು. ಅವನ ಕಣ್ಣು ಉರಿಯುತ್ತಿದ್ದವು, ಓದು ಅಂದ. ಒಂದರ ಮೇಲಿನ ತಾರೀಕು ಮೂರು ತಿಂಗಳ ಒಳಗಿನದು. ಇನ್ನೊಂದು — ತಿಕೋಟಾದವನದು. ಗಾಂಧಿ ಚೌಕದ ಬೆಲ್ಲದ ಅಂಗಡಿಯಲ್ಲಿ ಹಮಾಲಿ ಎಂದೂ ಬರೆದಿತ್ತು.

ತಿಕೋಟಾ ಅಂದರೆ ಸಾಕಿತ್ತು, ನಾನು ಕೂಡಿಸಿದ್ದು ಅಣ್ಣನಿಗೆ ತಿಳಿದುಬಿಡುತ್ತಿತ್ತು. ಬೈಯುತ್ತಿದ್ದ, ಅಷ್ಟೇ. ಆ ಬೈಗುಳಕ್ಕೆ ಹೆದರಿ ನಾನು ಹೆಸರನ್ನೂ ಬೆಲ್ಲದ ಅಂಗಡಿಯನ್ನೂ ಓದಿದೆ, ಊರನ್ನು ನುಂಗಿದೆ. ಕಾಮಾಲೆಯ ತೂತು ಕಾರ್ಡಿನ ಕೆಳ ಅಂಚಿನಲ್ಲಿತ್ತು, ನನ್ನ ಹೆಬ್ಬೆರಳಿನ ಅಡಿಗೇ. ಬೆರಳು ಸರಿಸಿ ನೋಡಲಿಲ್ಲ. ಎಲ್ಲರಿಗೂ ಎಲ್ಲಿ ಕಾಮಾಲೆ ಆಗಿರುತ್ತದೆ, ಇವನಿಗೆ ಆಗಿರಲಿಕ್ಕಿಲ್ಲ — ಹಾಗೆ ಅಂದುಕೊಳ್ಳುತ್ತಲೇ ಕಾರ್ಡನ್ನು ಕಟ್ಟಿನೊಳಗೆ ತುರುಕಿದೆ. ಆ ಹೆಸರಿನ ಚೀಟಿ ಆಸ್ಪತ್ರೆಗೆ ಹೋಯಿತು. ಕಾರ್ಡು ನಮ್ಮದೆಂದು ಆಸ್ಪತ್ರೆಯವರು ಆ ಹಮಾಲನನ್ನು ಕಾಮಾಲೆ ಆಗಿತ್ತೇ ಎಂದು ಮತ್ತೆ ಕೇಳಲಿಲ್ಲ.

ಆಮೇಲೆ ಒಬ್ಬಳೇ ಇದ್ದಾಗ ನೋಡಿದೆ. ತೂತಿನ ಬಾಯಿ ಬಿಟ್ಟಿತ್ತು.

ಓಡಿಹೋಗಿ ಹೇಳಬಹುದಿತ್ತೇ? ಆ ಹೊತ್ತಿಗೆ ರಕ್ತ ಏರಿಸಿಯಾಗಿತ್ತು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ನಿಜವೋ ಸುಳ್ಳೋ ಗೊತ್ತಿಲ್ಲ. ನಾನು ಕೇಳಲೇ ಇಲ್ಲ.

ಶಾಂತವ್ವ ಉಳಿದಳು. ಹದಿನೈದು ದಿನಕ್ಕೆ ಅವಳ ಗಂಡ ಒಂದು ಚೀಲ ಶೇಂಗಾ ತಂದು ಅಣ್ಣನ ಕಾಲು ಮುಟ್ಟಲು ಬಗ್ಗಿದ. ಅಣ್ಣ ಹಿಂದೆ ಸರಿದು ನಕ್ಕ. ಮನೆಯಲ್ಲಿ ಎಲ್ಲರೂ ಆ ಶೇಂಗಾ ಹುರಿದು ತಿಂದರು. ನನ್ನ ಬಾಯಲ್ಲಿ ಅದು ಮಣ್ಣಾಗಿತ್ತು. ಅವತ್ತಿನಿಂದ ಬಾಗಿಲು ಬಡಿದರೆ ಸಾಕು, ಹಿತ್ತಲಿಗೆ ಹೋಗಿಬಿಡುತ್ತಿದ್ದೆ. ಚೌಕದಲ್ಲಿ ಅರಕೇರಿಯ ಟಾಂಗಾ ಕಂಡರೆ ಸಂದಿಗೆ ತಿರುಗುತ್ತಿದ್ದೆ. ನಾನು ದಿನ ಎಣಿಸುತ್ತಿದ್ದೆ.

ಎರಡು ತಿಂಗಳಾದ ಮೇಲೆ ಅವಳ ಕಣ್ಣು ಹಳದಿಯಾದವು ಎಂಬ ಸುದ್ದಿ ಬಂತು. ಆಮೇಲೆ ಅವಳು ಹೋದಳೆಂದು ಬಂತು. ರಕ್ತದಿಂದಲೇ ಇರಬೇಕು ಎಂದರು ಡಾಕ್ಟರು.

ಮಾಸ್ತರರು ನಮ್ಮ ಮನೆಗೇ ಬಂದರು. ಡಬ್ಬಿ ನಡುವೆ ಇಟ್ಟುಕೊಂಡು, ಆ ಕಾರ್ಡು ಕೈಯಲ್ಲಿ ಹಿಡಿದು, ಮೆಲ್ಲಗೆ ಕೇಳಿದರು. “ದಸ್ತಗೀರ, ಯಾರ ಕೂಡಿಸಿದ್ರಪಾ ಇವನ್ನ?”

ಅಣ್ಣ ಆ ಕಾರ್ಡನ್ನು ತಿರುಗಿಸಿ ಕೆಳ ಅಂಚಿನ ತೂತು ನೋಡಿದ. ಆಮೇಲೆ ನನ್ನ ಕಡೆ ತಿರುಗಿದ. ಸಂಶಯದಿಂದಲ್ಲ, ನನ್ನನ್ನು ಸಾಕ್ಷಿಗೆ ಕರೆಯುವ ಹಾಗೆ.

“ಹಸೀನಾ, ನಾನ ಕೂಡಿಸಿದ್ನೇನ? ಜ್ವರದಾಗ ನನಗ ಖಬರಿಲ್ಲ.”

“ಹೂಂ,” ಅಂದೆ. “ನೀನ ಕೂಡಿಸಿದಿ.”

ಅಷ್ಟೇ. ಮಾಸ್ತರರು ಬೈಯಲಿಲ್ಲ. ಡಬ್ಬಿ ಎತ್ತಿಕೊಂಡು ಹೋದರು. ಇನ್ನು ಮಂಡಳಿಗೆ ಬರುವುದು ಬೇಡ ಎಂದು ಮರುದಿನ ಹೇಳಿ ಕಳಿಸಿದರು. ಅಣ್ಣ ಒಬ್ಬನೇ ನಡೆದು ಅರಕೇರಿಗೆ ಹೋದ. ಅಲ್ಲಿ ಏನಾಯಿತೆಂದು ಅವನು ಇವತ್ತಿನವರೆಗೂ ಹೇಳಿಲ್ಲ. ಅಂಗಿಯ ತೋಳು ಹರಿದುಕೊಂಡು ಬಂದ. ನಾನು ಅದನ್ನು ಹೊಲಿದುಕೊಟ್ಟೆ — ಅದೇ ಸೂಜಿಪೆಟ್ಟಿಗೆಯ ಇನ್ನೊಂದು ಸೂಜಿಯಿಂದ.

ಆಮೇಲೆ ಅವನು ಯಾವ ಉತ್ತರವನ್ನೂ ನಂಬದಾದ. ಒಮ್ಮೆ ಎಣಿಸಿದ್ದನ್ನು ಮತ್ತೆ ಎಣಿಸುವುದು, ಒಲೆ ಆರಿಸಿದ್ದನ್ನು ಮತ್ತೆ ಹೋಗಿ ನೋಡುವುದು. ಲಗ್ನದ ಮಾತು ಬಂದರೆ, ನನ್ನ ನೆನಪೇ ನನಗ ಗ್ಯಾರಂಟಿ ಇಲ್ಲ, ಮಂದಿ ಹೆಣ್ಣನ್ನ ಯಾಕ ತರಲಿ ಅನ್ನುತ್ತಿದ್ದ. ತರಲಿಲ್ಲ. ನನ್ನ ಗಂಡ ತೀರಿದ ಮೇಲೆ ನಾನೇ ಅವನ ಜೊತೆ ಇದ್ದೇನೆ.

ಈಗಲೂ ನನ್ನ ಜೊತೆ ಅಂಗಡಿಗೆಂದು ಹೊರಟವನು ಓಣಿಯ ತಿರುವಿನಲ್ಲಿ ನಿಲ್ಲುತ್ತಾನೆ. “ಕೀಲಿ ಹಾಕಿದ್ನೇನ, ಹಸೀನಾ?” ಹಾಕಿದಿ, ಅನ್ನುತ್ತೇನೆ. ಆಗ ಅವನ ಮುಖ ಸಡಿಲಾಗುತ್ತದೆ, ಮುಂದೆ ನಡೆಯುತ್ತಾನೆ. ಎಲ್ಲವನ್ನೂ ಎರಡು ಸಲ ನೋಡುವ ಮನುಷ್ಯ ನನ್ನ ಮಾತನ್ನು ಮಾತ್ರ ಒಮ್ಮೆಯೂ ಪರೀಕ್ಷೆ ಮಾಡಿಲ್ಲ.

ನಾಳೆ ಮಧ್ಯಾಹ್ನ ಚಹಾ ಆದ ಮೇಲೆ ಇದನ್ನು ಅವನಿಗೆ ಓದಿ ಹೇಳುತ್ತೇನೆ. ಈ ಸಲ ಊರಿನ ಹೆಸರು ನುಂಗುವುದಿಲ್ಲ. ಬೈಯುತ್ತಾನೆ ಎಂಬ ಹೆದರಿಕೆ ಈಗಿಲ್ಲ, ಬೈದರೆ ಒಳ್ಳೆಯದೇ. ನನ್ನ ಹೆದರಿಕೆ ನಾಡಿದ್ದಿನದು. ನಾಡಿದ್ದು ಓಣಿಯ ತಿರುವಿನಲ್ಲಿ ನಿಂತು ಕೀಲಿ ಕೇಳುತ್ತಾನೆ, ನಾನು ಹಾಕಿದಿ ಅನ್ನುತ್ತೇನೆ. ಅವನು ನನ್ನ ಮುಖ ನೋಡುತ್ತಾನೆ. ಆಮೇಲೆ ಮಂಡಿನೋವಿನ ಕಾಲು ಎಳೆದುಕೊಂಡು, ತಾನೇ ನೋಡಿ ಬರಲು ಹಿಂದಕ್ಕೆ ನಡೆಯುತ್ತಾನೆ.

ನಾನು ಅಲ್ಲೇ ನಿಂತಿರುತ್ತೇನೆ.